ಒಂದೂವರೆ ಶಿಫ್ಟಿನ ಮನಸ್ಸು

2023ರ ಏಪ್ರಿಲ್ 21ರಂದು ತಮಿಳುನಾಡು ವಿಧಾನಸಭೆ ಕಾರ್ಖಾನೆ ಕಾನೂನಿಗೆ ಒಂದು ತಿದ್ದುಪಡಿ ಪಾಸು ಮಾಡಿತು. ದಿನದ ದುಡಿಮೆಯನ್ನು 12 ಗಂಟೆವರೆಗೆ ಹಿಗ್ಗಿಸಲು ಅದು ದಾರಿ ಮಾಡಿಕೊಡುತ್ತಿತ್ತು. ಆಡಳಿತ ಪಕ್ಷದ ಮಿತ್ರರೇ ಸಭೆಯಿಂದ ಹೊರನಡೆದರು, ಕಾರ್ಮಿಕ ಸಂಘಗಳು ಸಿಟ್ಟಿಗೆದ್ದವು. ಮೂರೇ ದಿನಕ್ಕೆ ಮಸೂದೆಗೆ ತಡೆ ಬಿತ್ತು, ಮೇ ದಿನದಂದು ಮುಖ್ಯಮಂತ್ರಿ ಸ್ಟಾಲಿನ್ ಅದನ್ನು ವಾಪಸ್ ಪಡೆದ ಸುದ್ದಿ ಕೊಟ್ಟರು. ಅದೇ ವರ್ಷದ ಫೆಬ್ರುವರಿಯಲ್ಲಿ ನಮ್ಮ ಕರ್ನಾಟಕವೂ ಇಂಥದ್ದೇ ತಿದ್ದುಪಡಿ ಮಾಡಿಕೊಂಡಿತ್ತು. ವಾರಕ್ಕೆ 48 ಗಂಟೆಯ ಮಿತಿ ಉಂಟು ಎಂಬ ಸಮಾಧಾನದೊಂದಿಗೆ ಅದು ಉಳಿದುಕೊಂಡಿತು.

ಇವೆರಡನ್ನೂ ನಾವು ಕಾರ್ಮಿಕ ಸುದ್ದಿ, ಕೈಗಾರಿಕಾ ಸುದ್ದಿ ಎಂದು ಓದಿ ಮುಗಿಸಿದೆವು. ಮಾನಸಿಕ ಆರೋಗ್ಯದ ಸುದ್ದಿ ಎಂದು ಯಾರೂ ಓದಲಿಲ್ಲ. ಒಬ್ಬ ಮನುಷ್ಯ ಎಷ್ಟು ಗಂಟೆ ದುಡಿಯಬೇಕು, ಎಷ್ಟು ಗಂಟೆ ಮಲಗಬಹುದು, ಮಕ್ಕಳ ಮುಖವನ್ನು ಹಗಲಿನಲ್ಲಿ ನೋಡುತ್ತಾನೋ ಇಲ್ಲವೋ ಎಂದು ತೀರ್ಮಾನಿಸುವ ಕಾನೂನು ಮನಸ್ಸಿಗೆ ಸಂಬಂಧಿಸಿದ್ದಲ್ಲದೆ ಮತ್ತಿನ್ನೇನು? ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ‘ಒಂದೂವರೆ ಶಿಫ್ಟ್’ ದಿನಬಳಕೆಯ ಮಾತು. ಬೆಳಗ್ಗೆ ಎಂಟೂವರೆಗೆ ಓವರ್‌ಲಾಕ್ ಮೆಷಿನ್ ಮುಂದೆ ಕೂತವರು ರಾತ್ರಿ ಎಂಟೂವರೆಗೆ ಏಳುತ್ತಾರೆ. ಕಾನೂನು ವಾಪಸಾದರೂ ಈ ಲೆಕ್ಕ ವಾಪಸಾಗಿಲ್ಲ. ಶಿಪ್‌ಮೆಂಟಿನ ದಿನ ಹತ್ತಿರ ಬಂದರೆ ಅದೂ ಸಾಲದು. ಕೂಲಿ ಬಹುಪಾಲು ಪೀಸ್ ರೇಟಿನದು, ಬಟವಾಡೆ ಶನಿವಾರ, ಭಾನುವಾರ ಒಂದು ದಿನ ಊರೆಲ್ಲ ಸಂತೆ. ಆರ್ಡರ್ ಇದ್ದಾಗ ಮೈಗೆ ಬಿಡುವಿಲ್ಲ, ಇಲ್ಲದಾಗ ಕೈಗೆ ಕಾಸಿಲ್ಲ. ದೇಶದ ಹತ್ತಿ ಹೆಣಿಗೆ ಉಡುಪಿನ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳಿಸುವ ಊರಿದು. ಹಾಗಾಗಿ ಎಲ್ಲೋ ದೂರದ ದೇಶದಲ್ಲಿ ಬಿದ್ದ ಒಂದು ರುಜು ಇಲ್ಲಿ ಬಾಡಿಗೆ ಕೋಣೆಯ ನಿದ್ದೆ ಕೆಡಿಸುತ್ತದೆ. 2025ರ ಆಗಸ್ಟ್ 27ರಂದು ಅಮೆರಿಕ ಭಾರತದ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ರಫ್ತುದಾರರ ಗೋಳು ಪತ್ರಿಕೆಗಳಲ್ಲಿ ಬಂತು. ಒಂದೂವರೆ ಶಿಫ್ಟ್ ಅರ್ಧ ಶಿಫ್ಟಿಗೆ ಇಳಿದವನ ಗೋಳು ಅಷ್ಟಾಗಿ ಬರಲಿಲ್ಲ.

ಹಿಂದಿನದೊಂದು ನೆನಪು ಇನ್ನೂ ಗಟ್ಟಿ. 2011ರ ಜನವರಿ 28ರಂದು ಮದ್ರಾಸ್ ಹೈಕೋರ್ಟ್ ನೊಯ್ಯಲ್ ನದಿಗೆ ಬಣ್ಣದ ನೀರು ಬಿಡುತ್ತಿದ್ದ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಆದೇಶ ಸರಿಯಾದದ್ದೇ. ನದಿ ಸತ್ತಿತ್ತು, ಕೆಳಗಿನ ರೈತರ ಬಾವಿಗಳು ಕೆಟ್ಟಿದ್ದವು. ಆದರೆ ಮಾರನೆಯ ದಿನದಿಂದ ಕೆಲಸವಿಲ್ಲದೆ ಕೂತ ಸಾವಿರಾರು ಮಂದಿಯ ಬಳಿಗೆ ಹೋಗಿ ‘ಏನಪ್ಪಾ, ಹೇಗಿದ್ದೀಯಾ’ ಎಂದು ಕೇಳುವ ಜವಾಬ್ದಾರಿ ಯಾವ ಇಲಾಖೆಯದೂ ಆಗಿರಲಿಲ್ಲ. ಪರಿಸರದ ಆದೇಶಕ್ಕೂ ಮನಸ್ಸಿನ ಲೆಕ್ಕ ಇರುತ್ತದೆ. ಅದನ್ನು ಬರೆದಿಡಲು ನಮ್ಮ ಆಡಳಿತದಲ್ಲಿ ಕಡತವೇ ಇಲ್ಲ.

ಇನ್ನು ಅಧಿಕೃತವಾಗಿ ‘ಮಾನಸಿಕ ಆರೋಗ್ಯ ನೀತಿ’ ಎನಿಸಿಕೊಂಡದ್ದರ ಕಥೆ. ಇದರ ಬೇರು ಕನ್ನಡ ನೆಲದಲ್ಲೇ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 1970ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಊರಾಚೆಯ ಸಕಲವಾರದಲ್ಲಿ ಕೂತು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೋರೋಗ ಗುರುತಿಸಲು ಕಲಿಸಬಹುದೇ ಎಂದು ನೋಡಿದರು. ಕಲಿಸಬಹುದು ಎಂದು ಗೊತ್ತಾಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದಿಡೀ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿಯಲ್ಲಿ, 1985ರಿಂದ 1990ರವರೆಗೆ. ಜಿಲ್ಲಾಸ್ಪತ್ರೆಯಲ್ಲಿ ಒಂದು ಮನೋವೈದ್ಯ ವಿಭಾಗ, ಕೆಳಗಿನ ಕೇಂದ್ರಗಳಲ್ಲಿ ತರಬೇತಾದ ಸಾಮಾನ್ಯ ವೈದ್ಯರು, ಅಗ್ಗದ ಬೆರಳೆಣಿಕೆಯ ಔಷಧಗಳು, ಮನೆಮನೆಗೆ ಹೋಗುವ ಕಾರ್ಯಕರ್ತರು ಸೇರಿದರೆ ಬಳ್ಳಾರಿ ಮಾದರಿ. 1996ರಲ್ಲಿ ಕೇಂದ್ರ ಸರಕಾರ ಇದನ್ನೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನಾಗಿ ಮಾಡಿ ನಾಲ್ಕು ರಾಜ್ಯಗಳ ನಾಲ್ಕು ಜಿಲ್ಲೆಗಳಲ್ಲಿ ಶುರು ಮಾಡಿತು. ಅದರಲ್ಲೊಂದು ತಮಿಳುನಾಡಿನ ತಿರುಚ್ಚಿ. ಈಗ ಕೊಯಮತ್ತೂರು, ತಿರುಪ್ಪೂರು ಸೇರಿ ದೇಶದ ಬಹುತೇಕ ಜಿಲ್ಲೆಗಳಿಗೆ ಅದು ಮಂಜೂರಾಗಿದೆ.

ಮಂಜೂರಾಗುವುದು ಒಂದು, ಮನೆ ಬಾಗಿಲಿಗೆ ಮುಟ್ಟುವುದು ಇನ್ನೊಂದು. ಬಳ್ಳಾರಿಯಲ್ಲಿ ಜೀವಾಳವಾಗಿದ್ದದ್ದು ಮನೆಗೆ ಹೋಗುವ ಕಾರ್ಯಕರ್ತ. ದೇಶಕ್ಕೆ ಹರಡುವಾಗ ಉಳಿದುಕೊಂಡದ್ದು ಜಿಲ್ಲಾಸ್ಪತ್ರೆಯ ಕೋಣೆ ಮತ್ತು ತಿಂಗಳಿಗೆ ಇಂತಿಷ್ಟು ತಾಲ್ಲೂಕು ಭೇಟಿ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ತಮಿಳುನಾಡೂ ಇತ್ತು. ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ತೊಂದರೆಯ ಬಗೆ ನೋಡಿಕೊಂಡು ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಒಂದು ಲಕ್ಷ ಜನಕ್ಕೆ ಮೂವರು ಮನೋವೈದ್ಯರಾದರೂ ಬೇಕು ಎನ್ನುವಲ್ಲಿ ದೇಶದಲ್ಲಿ ಇರುವುದು ಒಬ್ಬರಿಗಿಂತ ಕಡಿಮೆ. ಕೇಂದ್ರದ ಆರೋಗ್ಯ ಬಜೆಟ್ಟಿನಲ್ಲಿ ಮನಸ್ಸಿನ ಪಾಲು ಶೇ 1ರ ಆಸುಪಾಸಿನಲ್ಲೇ ತೆವಳುತ್ತಿದೆ.

ಕಾನೂನಿನ ಮಟ್ಟಿಗೆ ನಾವು ಬಡವರಲ್ಲ. 2001ರ ಆಗಸ್ಟ್ 6ರ ಬೆಳಗಿನ ಜಾವ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಹತ್ತಿರದ ಖಾಸಗಿ ಆಶ್ರಯದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಓಡಲಾಗದೆ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಸ್ಪಷ್ಟವಾಗಿ ನಿಷೇಧಿಸಿತು. ಸರಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕು ಎಂದಿತು. ಜೀವ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಮಾಡಬೇಕು, ಶಿಕ್ಷಿಸಬಾರದು ಎಂದಿತು. ಮೈಯ ಕಾಯಿಲೆಗೆ ವಿಮೆ ಕೊಡುವ ಕಂಪನಿ ಮನಸ್ಸಿನ ಕಾಯಿಲೆಗೂ ಕೊಡಬೇಕು ಎಂದಿತು. ಇಷ್ಟೂ ಇದೆ. ಬನಿಯನ್ ಕಂಪನಿಯ ಚೆಕಿಂಗ್ ಟೇಬಲ್ ಮುಂದೆ ನಿಂತವಳಿಗೆ ಅದರಲ್ಲಿ ಒಂದು ಸಾಲಾದರೂ ತಲುಪಿದೆಯೇ ಎಂಬುದೇ ಪ್ರಶ್ನೆ.

ಅಂಕಿಅಂಶದ ಕಡೆ ಒಮ್ಮೆ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 2022ರ ವರದಿಯಲ್ಲಿ ಆತ್ಮಹತ್ಯೆಯ ರಾಷ್ಟ್ರೀಯ ದರ ಲಕ್ಷಕ್ಕೆ 12.4, ತಮಿಳುನಾಡಿನದು 25.9. ದೇಶದಲ್ಲಿ ಹೀಗೆ ಸತ್ತವರಲ್ಲಿ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ದಿನಗೂಲಿಗಳು. ದಕ್ಷಿಣದ ರಾಜ್ಯಗಳಲ್ಲಿ ದಾಖಲೆ ಸರಿಯಾಗಿ ಬರೆಯುತ್ತಾರೆ, ಅದಕ್ಕೇ ದರ ಹೆಚ್ಚು ಕಾಣುತ್ತದೆ ಎನ್ನುವವರಿದ್ದಾರೆ. ಸ್ವಲ್ಪ ನಿಜವಿರಬಹುದು. ಆದರೆ ದಿನಗೂಲಿಯ ಸಾಲಿಗೆ ಆ ಸಮಜಾಯಿಷಿ ಒಗ್ಗುವುದಿಲ್ಲ. ಅದು ಕೂಲಿಯ ಅನಿಶ್ಚಿತತೆಯ ಲೆಕ್ಕ.

ಈ ಎರಡು ಜಿಲ್ಲೆಗಳ ನೂಲಿನ ಗಿರಣಿಗಳಲ್ಲಿ ಇನ್ನೊಂದು ಬಗೆಯ ಬದುಕಿತ್ತು. ದಕ್ಷಿಣದ ಬಡ ಜಿಲ್ಲೆಗಳಿಂದ ಹದಿಹರೆಯದ ಹುಡುಗಿಯರನ್ನು ಮೂರು ವರ್ಷಕ್ಕೆ ಕರೆತಂದು, ಗಿರಣಿಯ ಆವರಣದ ಹಾಸ್ಟೆಲಿನಲ್ಲೇ ಇಟ್ಟು, ಅವಧಿ ಮುಗಿದ ಮೇಲೆ ಮದುವೆಯ ಖರ್ಚಿಗೆಂದು ಇಡುಗಂಟು ಕೊಡುವ ಪದ್ಧತಿ. ಅದಕ್ಕೆ ‘ಸುಮಂಗಲಿ’ ಎಂಬ ಮಂಗಳಕರ ಹೆಸರು. ಹೊರಗೆ ಹೋಗಲು ಅನುಮತಿ, ಫೋನಿಗೆ ಅನುಮತಿ, ಮಧ್ಯೆ ಬಿಟ್ಟು ಹೋದರೆ ಇಡುಗಂಟು ಖೋತಾ. 2011ರಲ್ಲಿ ಯುರೋಪಿನ ಎರಡು ಸಂಸ್ಥೆಗಳು ಇದರ ಮೇಲೆ ವರದಿ ಹೊರತಂದ ಮೇಲೆ ವಿದೇಶಿ ಬ್ರ್ಯಾಂಡುಗಳು ಬೆಚ್ಚಿದವು. 2014ರಲ್ಲಿ ತಮಿಳುನಾಡು ಮಹಿಳೆಯರ ಹಾಗೂ ಮಕ್ಕಳ ಹಾಸ್ಟೆಲುಗಳ ನೋಂದಣಿಗೆ ಕಾನೂನು ಮಾಡಿತು. ನನ್ನ ದೃಷ್ಟಿಯಲ್ಲಿ ಈ ಹಾಸ್ಟೆಲ್ ಕಾನೂನು ಯಾವ ಮನೋವೈದ್ಯ ಶಿಬಿರಕ್ಕಿಂತಲೂ ದೊಡ್ಡ ಮಾನಸಿಕ ಆರೋಗ್ಯ ಕ್ರಮ. ಸರಿಯಾಗಿ ಜಾರಿಯಾದರೆ, ಎಂದು ಸೇರಿಸಿಕೊಳ್ಳಿ. ಹದಿನೇಳರ ಹುಡುಗಿಗೆ ಬೇಕಾದದ್ದು ಮೊದಲು ಗೇಟು ದಾಟಿ ಹೋಗುವ ಸ್ವಾತಂತ್ರ್ಯ, ಆಮೇಲೆ ಆಪ್ತಸಮಾಲೋಚನೆ.

ಬೇರೆ ಇಲಾಖೆ ಮಾಡಿದ ಕೆಲಸ ಮನಸ್ಸಿಗೆ ಮದ್ದಾದ ಉದಾಹರಣೆ ತಮಿಳುನಾಡಿನಲ್ಲೇ ಇದೆ. ಪಬ್ಲಿಕ್ ಪರೀಕ್ಷೆಯಲ್ಲಿ ನಪಾಸಾದ ಮಕ್ಕಳು ಒಂದು ವರ್ಷ ಕಾಯದೆ ಕೆಲವೇ ವಾರಗಳಲ್ಲಿ ಮತ್ತೆ ಬರೆಯುವ ಪೂರಕ ಪರೀಕ್ಷೆಯನ್ನು ಈ ರಾಜ್ಯ 2000ದ ದಶಕದ ಆರಂಭದಲ್ಲಿ ತಂದಿತು. 1986ರಲ್ಲಿ ಚೆನ್ನೈಯಲ್ಲಿ ‘ಸ್ನೇಹಾ’ ಸಂಸ್ಥೆ ಕಟ್ಟಿದ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ ಇದರ ಪರವಾಗಿ ಬಹಳ ವಾದಿಸಿದವರು. ಫಲಿತಾಂಶದ ದಿನ ಸಾಯುವ ಮಕ್ಕಳ ಸಂಖ್ಯೆ ನಂತರದ ವರ್ಷಗಳಲ್ಲಿ ಇಳಿಯಿತು. ಶಿಕ್ಷಣ ಇಲಾಖೆಯ ಒಂದು ವೇಳಾಪಟ್ಟಿ ಬದಲಾದದ್ದಷ್ಟೇ ಇಲ್ಲಿ ಆದ ಕೆಲಸ. ಇಂಡೊನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ನಗದು ನೆರವು ಕೊಟ್ಟ ಕಡೆಗಳಲ್ಲಿ ಆತ್ಮಹತ್ಯೆ ಶೇ 18ರಷ್ಟು ಕಡಿಮೆಯಾದದ್ದನ್ನು ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. 2023ರ ಸೆಪ್ಟೆಂಬರ್‌ನಿಂದ ಒಂದು ಕೋಟಿಗೂ ಹೆಚ್ಚು ತಮಿಳು ಗೃಹಿಣಿಯರಿಗೆ ಬರುತ್ತಿರುವ ತಿಂಗಳ ಸಾವಿರ ರೂಪಾಯಿಯನ್ನೂ, ನಮ್ಮ ಗೃಹಲಕ್ಷ್ಮಿಯ ಎರಡು ಸಾವಿರವನ್ನೂ ‘ಬಿಟ್ಟಿ ಭಾಗ್ಯ’ ಎಂದು ಮೂಗುಮುರಿಯುವವರು ಈ ಅಧ್ಯಯನವನ್ನು ಒಮ್ಮೆ ಓದಬೇಕು.

ತದ್ವಿರುದ್ಧ ಉದಾಹರಣೆಯೂ ಸರಕಾರದ್ದೇ. ತಮಿಳುನಾಡಿನಲ್ಲಿ ಮದ್ಯದ ಚಿಲ್ಲರೆ ಮಾರಾಟ 2003ರಿಂದ ಸರಕಾರಿ ಟಾಸ್ಮ್ಯಾಕ್ ಅಂಗಡಿಗಳ ಏಕಸ್ವಾಮ್ಯ. 2023–24ರಲ್ಲಿ ಅದರಿಂದ ರಾಜ್ಯಕ್ಕೆ ಬಂದ ಆದಾಯ 45 ಸಾವಿರ ಕೋಟಿ ರೂಪಾಯಿಗೂ ಮಿಗಿಲು. 2023ರ ಜೂನ್‌ನಲ್ಲಿ 500 ಅಂಗಡಿ ಮುಚ್ಚಿದ್ದು ನಿಜ, ಆದಾಯ ಬತ್ತಿಲ್ಲ ಎಂಬುದೂ ನಿಜ. ಶನಿವಾರ ಸಂಜೆ ಬಟವಾಡೆಯಾದ ದುಡ್ಡಿನಲ್ಲಿ ಒಂದು ಪಾಲು ಅದೇ ರಾತ್ರಿ ಸರಕಾರದ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ. ಸೋಮವಾರ ಅದೇ ಮನುಷ್ಯನಿಗೆ ಕುಡಿತ ಬಿಡಿಸಲು ಅದೇ ಸರಕಾರದ ವೈದ್ಯರು ಕೂತಿರುತ್ತಾರೆ. ನಾನು ಪಾನನಿಷೇಧದ ಪಕ್ಷದವನಲ್ಲ. ಆದರೆ ಆ ಆದಾಯದಲ್ಲಿ ನೂರಕ್ಕೆ ಒಂದು ರೂಪಾಯಿಯನ್ನಾದರೂ ಪ್ರತಿ ತಾಲ್ಲೂಕಿನ ವ್ಯಸನಮುಕ್ತಿ ಸೇವೆಗೆ ಮೀಸಲಿಡಿ ಎಂದು ಕೇಳುವುದು ಅತಿಯಾಸೆಯಲ್ಲ.

ಈಗ ನಮ್ಮವರ ವಿಷಯಕ್ಕೆ ಬರೋಣ. ಕೊಯಮತ್ತೂರು ಜಿಲ್ಲೆ ಎಂದರೆ ಕನ್ನಡಕ್ಕೆ ಪರನಾಡೇನಲ್ಲ. 1956ರವರೆಗೆ ಕೊಳ್ಳೇಗಾಲವೇ ಆ ಜಿಲ್ಲೆಯ ತಾಲ್ಲೂಕಾಗಿತ್ತು. ಶತಮಾನಗಳ ಹಿಂದೆ ಬಂದು ನೆಲೆನಿಂತ ದೇವಾಂಗರು, ಒಕ್ಕಲಿಗರು ಇಂದಿಗೂ ಮನೆಯೊಳಗೆ ಕನ್ನಡ ಮಾತಾಡುತ್ತಾರೆ. ಬರೆಯುವುದು, ಓದುವುದು ತಮಿಳಿನಲ್ಲಿ. ಕೊಯಮತ್ತೂರಿನ ರಾಜಬೀದಿಯ ರಾಮಲಿಂಗ ಚೌಡೇಶ್ವರಿ ಗುಡಿಯ ವಿಜಯದಶಮಿ ಮೆರವಣಿಗೆಯಲ್ಲಿ ದೇವಾಂಗ ಯುವಕರು ತಾಯಿಯನ್ನು ಕೂಗುತ್ತ ಕತ್ತಿಯಿಂದ ಎದೆ ಹೊಡೆದುಕೊಂಡು ಸಾಗುವುದನ್ನು ನೋಡಲು ಊರಿಗೆ ಊರೇ ನಿಂತಿರುತ್ತದೆ. ಸಿರುಮುಗೈಯ ರೇಷ್ಮೆ ಸೀರೆ, ನೆಗಮಂ ಹತ್ತಿ ಸೀರೆಗಳ ಹಿಂದಿರುವುದು ಇವರ ಮಗ್ಗಗಳು.

ಆ ಮಗ್ಗದ ಮನೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ನಡುಮನೆಯಲ್ಲೇ ಗುಂಡಿ ಮಗ್ಗ. ಗಂಡ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರೆ ಪಕ್ಕದಲ್ಲಿ ಹೆಂಡತಿ ರಾಟೆ ಹಿಡಿದು ನೂಲು ಸುತ್ತುತ್ತಾಳೆ. ಅಡುಗೆ, ಮಕ್ಕಳ ಓದು, ಅತ್ತೆಯ ಹಾಸಿಗೆ ಎಲ್ಲ ಅದರ ಸುತ್ತ. ಸೀರೆ ಮುಗಿದರೆ ಕೂಲಿ, ಮುಂಗಡ ಕೊಟ್ಟ ಧಣಿಯ ಬಳಿ ಲೆಕ್ಕ. ಇದು ಮನೆಯೂ ಹೌದು, ಕಾರ್ಖಾನೆಯೂ ಹೌದು. ಮನೆಯಾದ್ದರಿಂದ ಕಾರ್ಖಾನೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ದುಡಿಮೆ ನಿಂತರೆ ಒಲೆ ಆರುವುದರಿಂದ ಮನೆಯವರೂ ಆಸ್ಪತ್ರೆಗೆ ಹೋಗುವುದಿಲ್ಲ. ಹೋದರೂ ಹೇಳುವುದೇನು? ನಿದ್ದೆ ಇಲ್ಲ, ತಲೆನೋವು, ಕೈಕಾಲು ಸೆಳೆತ, ಎದೆಯಲ್ಲಿ ಉರಿ. ಹೊರರೋಗಿ ಸಾಲಿನಲ್ಲಿ ಒಬ್ಬರಿಗೆ ಸಿಗುವ ಎರಡು ನಿಮಿಷದಲ್ಲಿ ವೈದ್ಯರು ನಾಲ್ಕು ಮಾತ್ರೆ ಬರೆಯುತ್ತಾರೆ. ಮನಸ್ಸಿನ ಮಾತು ಅಷ್ಟು ಬೇಗ ಬಾಯಿಗೆ ಬರುವುದಿಲ್ಲ. ಮನೆಯಲ್ಲಿ ಒಂದು ಭಾಷೆ, ಕ್ಲಿನಿಕ್ಕಿನಲ್ಲಿ ಇನ್ನೊಂದು ಭಾಷೆಯಾದರೆ ಇನ್ನೂ ನಿಧಾನ. ಇದು ಕನ್ನಡಿಗರ ಕಷ್ಟ ಮಾತ್ರವಲ್ಲ. ತಿರುಪ್ಪೂರಿನ ಒಡಿಯಾ, ಭೋಜಪುರಿ ಮಾತಿನ ಕೂಲಿಗಳದ್ದು ಇದಕ್ಕಿಂತ ಹೆಚ್ಚು. 2023ರ ಮಾರ್ಚ್ ಆರಂಭದಲ್ಲಿ ವಲಸೆ ಕಾರ್ಮಿಕರ ಮೇಲೆ ಹಲ್ಲೆಯಾಗುತ್ತಿದೆ ಎಂಬ ಸುಳ್ಳು ವಿಡಿಯೊಗಳು ಹರಿದಾಡಿ ಜನ ರೈಲು ಹತ್ತತೊಡಗಿದಾಗ ಜಿಲ್ಲಾಡಳಿತ ಸಹಾಯವಾಣಿ ತೆರೆದು ಹಿಂದಿಯಲ್ಲಿ ಧೈರ್ಯ ಹೇಳಿತು. ಬೇಕೆಂದಾಗ ಸರಕಾರಕ್ಕೆ ಜನರ ಭಾಷೆ ಬರುತ್ತದೆ.

ಗುಡಿಗಳ ಮಾತಿಲ್ಲದೆ ಈ ವಿಷಯ ಪೂರ್ಣವಾಗದು. ಪೊಳ್ಳಾಚಿ ಕಡೆಯ ಆನೈಮಲೈ ಮಾಸಾಣಿ ಅಮ್ಮನ ಗುಡಿಯಲ್ಲಿ ಅನ್ಯಾಯಕ್ಕೊಳಗಾದವರು ಒಣಮೆಣಸಿನಕಾಯಿಯನ್ನು ಅರೆದು ಅಲ್ಲಿನ ನೀತಿಕಲ್ಲಿಗೆ ಹಚ್ಚಿ ಹರಕೆ ಹೊರುತ್ತಾರೆ. ಅರೆಯುವವರಲ್ಲಿ ಹೆಂಗಸರು ಬಹಳ. ಕಣ್ಣಲ್ಲಿ ನೀರು ಖಾರಕ್ಕೋ ದುಃಖಕ್ಕೋ ಯಾರೂ ಕೇಳುವುದಿಲ್ಲ. ಇದನ್ನು ಮೌಢ್ಯವೆಂದು ಬಯ್ದು ಕೈತೊಳೆದುಕೊಳ್ಳುವುದು ಸುಲಭ. ಅಂಥ ಕಡೆ ವಾರಕ್ಕೊಮ್ಮೆ ಒಬ್ಬ ಆಪ್ತಸಮಾಲೋಚಕಿ ಬಂದು ಕೂತರೆ ಪಟ್ಟಣದ ಆಸ್ಪತ್ರೆಗೆ ಎಂದೂ ಹೋಗದವರು ಅಲ್ಲೇ ಸಿಗುತ್ತಾರೆ. ಏರ್ವಾಡಿಯಲ್ಲಿ ದುರಂತದ ಎಷ್ಟೋ ವರ್ಷಗಳ ನಂತರ ದರ್ಗಾದ ಮಗ್ಗುಲಲ್ಲೇ ಸರಕಾರಿ ಮನೋವೈದ್ಯ ಸೇವೆ ಶುರುವಾಯಿತು. ದುರಂತ ಆಗದ ಕಡೆಯೂ ಅದನ್ನು ಮಾಡಬಹುದು.

ಹಾಗಾದರೆ ಮಗ್ಗದ ಮನೆಯ ಹೊಸ್ತಿಲು ದಾಟುವ ಸರಕಾರಿ ಮನುಷ್ಯರು ಯಾರೂ ಇಲ್ಲವೇ? ಇದ್ದಾರೆ. 2021ರ ಆಗಸ್ಟ್ 5ರಂದು ಗಡಿಯ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಶುರುವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯ ಸ್ವಯಂಸೇವಕಿಯರು. ಜನರ ಬಳಿಗೇ ವೈದ್ಯಕೀಯ ಎಂಬ ಯೋಜನೆ. ಬಿಪಿ ನೋಡುತ್ತಾರೆ, ಶುಗರ್ ಮಾತ್ರೆ ಮನೆಗೇ ತಂದುಕೊಡುತ್ತಾರೆ. 2024ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಇದಕ್ಕೆ ಬಂತು. ಯೋಜನೆ ಹುಟ್ಟಿದ್ದು ದೇಹದ ಕಾಯಿಲೆಗಳಿಗಾಗಿ. ಆದರೆ ಅದೇ ಬೀದಿಯ, ಅದೇ ಮಾತಿನ ಹೆಣ್ಣುಮಗಳು ತಿಂಗಳಿಗೊಮ್ಮೆ ಮನೆಯೊಳಗೆ ಬಂದು ಕೂರುತ್ತಾಳೆ ಎಂದರೆ ಬಳ್ಳಾರಿಯಲ್ಲಿದ್ದು ಮುಂದೆ ಕಳೆದುಹೋದ ಕೊಂಡಿ ಅದೇ.

ಅವಳು ಹೆಚ್ಚಿಗೆ ಕೇಳಬೇಕಾದದ್ದು ಎರಡೇ ಪ್ರಶ್ನೆ. ಕಳೆದ ಎರಡು ವಾರದಲ್ಲಿ ಮಾಡುವ ಕೆಲಸದಲ್ಲಿ ಆಸಕ್ತಿ, ಖುಷಿ ಇಲ್ಲದಂತೆ ಅನ್ನಿಸಿತ್ತೇ? ಮನಸ್ಸು ಕುಗ್ಗಿ, ಬೇಸರ, ಹತಾಶೆ ಆಗಿತ್ತೇ? ಉತ್ತರ ‘ಇಲ್ಲವೇ ಇಲ್ಲ’ ಎಂದರೆ ಸೊನ್ನೆ, ‘ಹೆಚ್ಚುಕಡಿಮೆ ದಿನಾಲೂ’ ಎಂದರೆ ಮೂರು. ಎರಡರ ಮೊತ್ತ ಮೂರನ್ನು ಮುಟ್ಟಿದರೆ ಮುಂದಿನ ಪರೀಕ್ಷೆಗೆ ಕಳಿಸಬೇಕು. ಇದು ನನ್ನ ಕಲ್ಪನೆಯಲ್ಲ. ಲೋಕದಾದ್ಯಂತ ಬಳಕೆಯಲ್ಲಿರುವ ಪ್ರಶ್ನೆಗಳಿವು. ಕೇಂದ್ರದ ಆಯುಷ್ಮಾನ್ ಆರೋಗ್ಯ ಮಂದಿರ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ತುಂಬುವ ಫಾರಂನ ಕೊನೆಯಲ್ಲೂ ಇವೇ ಇವೆ. ತಮಿಳುನಾಡಿನ ಬಯಲು ಜಿಲ್ಲೆಗಳಲ್ಲಿ ಆಶಾಗಳು ವಿರಳ. ಪ್ರಶ್ನೆ ಕಾಗದದಲ್ಲಿದೆ, ಕೇಳುವ ಬಾಯಿ ಬೇರೆ ಯೋಜನೆಯಲ್ಲಿದೆ. ಎರಡನ್ನೂ ಕೂಡಿಸುವುದಕ್ಕೆ ಹೊಸ ಕಾನೂನು ಬೇಕಿಲ್ಲ.

ಕೇಳಿದ ಮೇಲೆ ಕಳಿಸುವುದೆಲ್ಲಿಗೆ ಎಂಬುದು ನ್ಯಾಯವಾದ ಪ್ರಶ್ನೆ. ಕೊಯಮತ್ತೂರು ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, 2022ರ ಜನವರಿಯಲ್ಲಿ ಉದ್ಘಾಟನೆಯಾದ ತಿರುಪ್ಪೂರು ವೈದ್ಯಕೀಯ ಕಾಲೇಜೂ ಇದೆ. ಆದರೆ ಎಲ್ಲರಿಗೂ ಮನೋವೈದ್ಯರೇ ಬೇಕಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ‘ಸಂಗಾತ್’ ಸಂಸ್ಥೆ, ಯಾವ ವೈದ್ಯಕೀಯ ಓದೂ ಇಲ್ಲದ ಸ್ಥಳೀಯರಿಗೆ ಕೆಲವು ವಾರಗಳ ತರಬೇತಿ ಕೊಟ್ಟು, ತೀವ್ರ ಖಿನ್ನತೆಯವರಿಗೂ ಕುಡಿತದ ತೊಂದರೆಯವರಿಗೂ ಬೆರಳೆಣಿಕೆಯ ಬೈಠಕ್‌ಗಳಲ್ಲಿ ಸಮಾಲೋಚನೆ ಕೊಡಿಸಿತು. ಅದು ಫಲ ಕೊಟ್ಟದ್ದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರತಿ ಆರೋಗ್ಯ ಕೇಂದ್ರಕ್ಕೆ ಇಂಥ ಒಬ್ಬರು, ಅವರ ಬೆನ್ನಿಗೆ ಜಿಲ್ಲೆಯ ಮನೋವೈದ್ಯರು, ಕೆಲಸಕ್ಕೆ ತಕ್ಕ ಸಂಬಳ. ಸ್ವಯಂಸೇವಕಿಯ ಗೌರವಧನವನ್ನು ಮೊದಲಿನಷ್ಟೇ ಇಟ್ಟು ಹೊರೆ ಮಾತ್ರ ಹೆಚ್ಚಿಸಿದರೆ ಅವಳ ಮನಸ್ಸಿನ ಆರೋಗ್ಯ ಕೇಳುವವರು ಯಾರು?

ಅಲ್ಲಿಯವರೆಗೆ ಕೈಗೆ ಸಿಗುವುದು ಫೋನು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ ಸೂತ್ರ ಬೆಂಗಳೂರಿನ ನಿಮ್ಹಾನ್ಸ್ ಕೈಯಲ್ಲಿದೆ. ತಮಿಳುನಾಡಿನಲ್ಲಿ ಅದನ್ನು ‘ನಟ್ಪುಡನ್ ಉಂಗಳೋಡು’ ಎಂಬ ಹೆಸರಲ್ಲಿ ನಡೆಸುತ್ತಾರೆ. ಕೊಯಮತ್ತೂರು, ತಿರುಪ್ಪೂರು ಕಡೆ ನಿಮ್ಮ ನೆಂಟರೋ ಸ್ನೇಹಿತರೋ ಇದ್ದರೆ, ಇಲ್ಲವೇ ನಿಮಗೇ ರಾತ್ರಿಗಳು ಭಾರವಾಗುತ್ತಿದ್ದರೆ, ಸಂಖ್ಯೆ ಬರೆದಿಟ್ಟುಕೊಳ್ಳಿ: 14416. ದಿನದ 24 ಗಂಟೆಯೂ ತೆರೆದಿರುತ್ತದೆ, ಖರ್ಚಿಲ್ಲ, ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.